ಚಿಪ್‌ನ ಒಳಗೆ ಇಣುಕುವುದು ಹೇಗೆ? ಡಿಬಗ್ ಪ್ರೋಬ್ ಜೋಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮೇಜಿನ ತುಂಬ ಬೋರ್ಡುಗಳು ಹರಡಿಕೊಂಡಿರುತ್ತವೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಬರುವ ರಿಪೇರಿ ಕೆಲಸದವರು ಬರುತ್ತಾರೆ. ಬರಲಾಗದವರು ಫೋನಿನಲ್ಲಿ ಕೇಳುತ್ತಾರೆ. ಚೀಟಿಯಲ್ಲಿ ಬರೆದು ಗೆಳೆಯರ ಕೈಯಲ್ಲಿ ಕಳುಹಿಸುವವರೂ ಇದ್ದಾರೆ. ಹೊಸ ಮುಖಗಳು ಬಂದರೂ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. ಎಲ್ಲವೂ ಡಿಬಗ್ ಪ್ರೋಬ್ ಸುತ್ತಲಿನವು, ಅಂದರೆ ಬೋರ್ಡಿನ ಚಿಪ್ಪನ್ನು ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಓಡುವ ಪ್ರೋಗ್ರಾಂ ಅನ್ನು ನಿಲ್ಲಿಸಿ ದೋಷ ಹುಡುಕಲು ನೆರವಾಗುವ ಸಾಧನದ ಬಗ್ಗೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ಹೆಚ್ಚಿನವು ಎಸ್‌ಟಿ ಕಂಪನಿಯ ಎಸ್‌ಟಿಎಂ32 ಎಂಬ ಮೈಕ್ರೊಕಂಟ್ರೋಲರ್ ಚಿಪ್‌ಗಳವು, ಏಕೆಂದರೆ ನಮ್ಮ ಮೇಜಿನ ಮೇಲೆ ಬರುವುದು ಹೆಚ್ಚಾಗಿ ಅವೇ.

## ಮೊದಲ ಹೆಜ್ಜೆ

ಪ್ರಿಂಟ್ ಹಾಕಿ ನೋಡಿದರೆ ಸಾಲದೇ? ಡಿಬಗ್ಗರ್‌ಗೆಂದು ಯಾಕೆ ದುಡ್ಡು ಖರ್ಚು ಮಾಡಬೇಕು?

ಎಲ್ಇಡಿ ಮಿನುಗಿಸುವಷ್ಟಕ್ಕೆ ಪ್ರಿಂಟ್ ಸಾಕು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಸೀರಿಯಲ್ ಪೋರ್ಟ್ 115200 ಬಾಡ್‌ನಲ್ಲಿ ಓಡುತ್ತಿದ್ದರೆ ಒಂದು ಅಕ್ಷರ ಹೊರಗೆ ಹೋಗಲು ಸುಮಾರು 87 ಮೈಕ್ರೊಸೆಕೆಂಡ್ ಬೇಕು. ಇಪ್ಪತ್ತು ಅಕ್ಷರಗಳ ಒಂದು ಸಾಲಿಗೆ 1.7 ಮಿಲಿಸೆಕೆಂಡ್. ಮೋಟಾರನ್ನು ಪ್ರತಿ 100 ಮೈಕ್ರೊಸೆಕೆಂಡಿಗೊಮ್ಮೆ ನಿಯಂತ್ರಿಸುವ ಪ್ರೋಗ್ರಾಂ ಆ ಒಂದು ಸಾಲಿಗಾಗಿ ಕಾಯುತ್ತಾ ನಿಂತರೆ ಹದಿನೇಳು ಸುತ್ತು ತಪ್ಪಿಹೋಗುತ್ತವೆ. ನೀವು ಹುಡುಕಲು ಹೊರಟ ದೋಷವೇ ಪ್ರಿಂಟ್ ಹಾಕಿದ ಮೇಲೆ ಮಾಯವಾಗಬಹುದು, ಇಲ್ಲದ ದೋಷ ಹುಟ್ಟಬಹುದು.

ಇನ್ನೊಂದು ಮಾತು: ಪ್ರೋಗ್ರಾಂ ಬಿದ್ದುಹೋದ ಮೇಲೆ ಪ್ರಿಂಟ್ ಬರುವುದಿಲ್ಲ. ಯಾವ ಸಾಲಿನಲ್ಲಿ ಬಿತ್ತು, ಆಗ ರಿಜಿಸ್ಟರ್‌ಗಳಲ್ಲಿ ಏನಿತ್ತು ಎಂದು ತಿಳಿಯಬೇಕಾದ ಆ ಘಳಿಗೆಯಲ್ಲೇ ಅದು ಮೌನವಾಗಿರುತ್ತದೆ. ಪ್ರೋಬ್ ಇದ್ದರೆ ಬಿದ್ದ ಜಾಗಕ್ಕೇ ಹೋಗಿ ನೋಡಬಹುದು. ಹಾಗೆಂದು ಪ್ರಿಂಟನ್ನು ಕೈಬಿಡಬೇಡಿ. ಮೂರು ದಿನಕ್ಕೊಮ್ಮೆ ಕಾಣಿಸುವ ತೊಂದರೆಗೆ ಸೀರಿಯಲ್ ದಾಖಲೆಯೇ ಒಳ್ಳೆಯ ಸಾಕ್ಷಿ.

ಜೆಟ್ಯಾಗ್, ಎಸ್‌ಡಬ್ಲ್ಯುಡಿ, ಎಸ್‌ಟಿ-ಲಿಂಕ್, ಓಪನ್‌ಒಸಿಡಿ, ಜಿಡಿಬಿ... ಇವೆಲ್ಲ ಒಂದೇನಾ, ಬೇರೆ ಬೇರೆಯಾ?

ಬೇರೆ ಬೇರೆ. ಒಂದರ ಕೆಳಗೊಂದು ಕೂರುವಂಥವು. ಮಂಡ್ಯದವರಿಗೆ ನಾನು ನಾಲೆಯ ಮೂಲಕ ಹೇಳುತ್ತೇನೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಗೆ ಬಂದು, ಅಲ್ಲಿಂದ ವಿತರಣಾ ನಾಲೆಗೆ, ತೂಬಿಗೆ, ಕೊನೆಗೆ ಗದ್ದೆಗೆ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ. ಮೇಲಿರುವುದು ನೀವು ಕೋಡ್ ಬರೆಯುವ ಎಡಿಟರ್. ಅದು ಮಾತನಾಡುವುದು ಜಿಡಿಬಿ ಎಂಬ ಡಿಬಗ್ಗರ್ ಜೊತೆ. ಜಿಡಿಬಿಯ ಮಾತನ್ನು ಪ್ರೋಬ್‌ಗೆ ಅರ್ಥವಾಗುವಂತೆ ದಾಟಿಸುವುದು ಓಪನ್‌ಒಸಿಡಿ. ಇದು 2005ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೊಮಿನಿಕ್ ರಾಥ್ ಅವರ ಡಿಪ್ಲೊಮಾ ಪ್ರಬಂಧವಾಗಿ ಆರಂಭವಾದ ಮುಕ್ತ ತಂತ್ರಾಂಶ. ಎಸ್‌ಟಿ-ಲಿಂಕ್, ಜೆ-ಲಿಂಕ್ ಎಂಬುವು ಪ್ರೋಬ್‌ಗಳು, ಅಂದರೆ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ತಂತಿ ಇರುವ ಪುಟ್ಟ ಯಂತ್ರಗಳು. ಆ ತಂತಿಯ ಮೇಲೆ ನಡೆಯುವ ಸಂಭಾಷಣೆಯ ನಿಯಮಗಳೇ ಜೆಟ್ಯಾಗ್ ಮತ್ತು ಎಸ್‌ಡಬ್ಲ್ಯುಡಿ.

ಜೆಟ್ಯಾಗ್ ಹುಟ್ಟಿದ್ದು ಡಿಬಗ್ ಮಾಡಲಿಕ್ಕಲ್ಲ. ಬೋರ್ಡಿನ ಮೇಲೆ ಚಿಪ್‌ಗಳ ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು 1985ರಲ್ಲಿ ಒಂದು ಗುಂಪು ಕೂಡಿತು. 1990ರಲ್ಲಿ ಅದು ಐಇಇಇ 1149.1 ಎಂಬ ಮಾನದಂಡವಾಯಿತು. ಆ ದಾರಿಯಲ್ಲೇ ಪ್ರೊಸೆಸರ್‌ನ ಒಳಗೂ ಹೋಗಬಹುದು ಎಂದು ಚಿಪ್ ತಯಾರಕರು ಕಂಡುಕೊಂಡರು. ಜೆಟ್ಯಾಗ್‌ಗೆ ನಾಲ್ಕು ಸಂಕೇತ ತಂತಿ ಬೇಕು. ಆರ್ಮ್ ಸಂಸ್ಥೆ ಅದನ್ನು ಎರಡಕ್ಕೆ ಇಳಿಸಿ ಎಸ್‌ಡಬ್ಲ್ಯುಡಿ ಮಾಡಿತು. ಎಸ್‌ಟಿಎಂ32ರಂಥ, ಆರ್ಮ್‌ನ ಕಾರ್ಟೆಕ್ಸ್-ಎಂ ಪ್ರೊಸೆಸರ್ ಇರುವ ಚಿಪ್‌ಗಳಿಗೆ ನೀವು ಬಳಸುವುದು ಹೆಚ್ಚಾಗಿ ಇದನ್ನೇ.

ಗದ್ದೆಗೆ ನೀರು ಬರದಿದ್ದರೆ ನಾಲೆಯ ಕೊನೆಯ ಭಾಗದ ರೈತರು ಮೊದಲು ತಮ್ಮ ತೂಬನ್ನು ನೋಡಿ, ಅಲ್ಲಿಂದ ನಾಲೆಯ ಏರಿಯ ಮೇಲೆ ಹಿಂದಕ್ಕೆ ನಡೆಯುತ್ತಾರೆ, ನೇರವಾಗಿ ಅಣೆಕಟ್ಟೆಗೆ ಓಡುವುದಿಲ್ಲ. ನೀವೂ ಕೆಳಗಿನಿಂದ, ಅಂದರೆ ತಂತಿಯಿಂದ ಶುರು ಮಾಡಿ. ಎಡಿಟರನ್ನು ಅಳಿಸಿ ಮತ್ತೆ ಹಾಕುವುದರಲ್ಲಿ ದಿನ ಕಳೆದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲ ಬಾರಿಗೆ ಕೊಳ್ಳುತ್ತಿದ್ದೇನೆ. ಯಾವ ಪ್ರೋಬ್ ತೆಗೆದುಕೊಳ್ಳಲಿ?

ವಿದ್ಯಾರ್ಥಿಯಾದರೆ ಬಿಡಿ ಪ್ರೋಬ್ ಕೊಳ್ಳುವ ಮೊದಲು ನ್ಯೂಕ್ಲಿಯೊ ಎಂಬ, ಎಸ್‌ಟಿಎಂ32 ಚಿಪ್ ಇರುವ ಕಲಿಕೆಯ ಬೋರ್ಡ್ ತೆಗೆದುಕೊಳ್ಳಿ. ಅದರಲ್ಲೇ ಎಸ್‌ಟಿ-ಲಿಂಕ್ ಕೂಡಿರುತ್ತದೆ, ತಂತಿಯ ತಲೆನೋವೇ ಇಲ್ಲ. 64 ಪಿನ್ನಿನ ನ್ಯೂಕ್ಲಿಯೊದಲ್ಲಿ ಎರಡು ಜಂಪರ್ ತೆಗೆದರೆ ಅದೇ ಎಸ್‌ಟಿ-ಲಿಂಕ್ ಹೊರಗಿನ ಬೋರ್ಡಿಗೂ ಪ್ರೋಬ್ ಆಗುತ್ತದೆ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಇದ್ದರೆ ಅದಕ್ಕೆ ಡಿಬಗ್‌ಪ್ರೋಬ್ ಫರ್ಮ್‌ವೇರ್ ಹಾಕಿ. ಪೈಸೆ ಖರ್ಚಿಲ್ಲದೆ ಪ್ರೋಬ್ ಸಿದ್ಧ. ಜೆ-ಲಿಂಕ್‌ನ ಶಿಕ್ಷಣ ಆವೃತ್ತಿ ಬಹಳ ಚೆನ್ನಾಗಿದೆ, ಆದರೆ ಅದರ ಪರವಾನಗಿ ವ್ಯಾಪಾರದ ಕೆಲಸಕ್ಕೆ ಒಪ್ಪುವುದಿಲ್ಲ. ಕಂಪನಿಯ ಕೆಲಸಕ್ಕೆ ಅದನ್ನು ಬಳಸಬೇಡಿ.

ಬೆರಳುದ್ದದ ಅಗ್ಗದ ಎಸ್‌ಟಿ-ಲಿಂಕ್ ನಕಲುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತವೆ, ಅಂಚೆಯಲ್ಲೂ ಬರುತ್ತವೆ. ನಮ್ಮಲ್ಲೂ ಇವೆ, ಕೆಲಸ ಮಾಡುತ್ತವೆ. ಎರಡು ಎಚ್ಚರಿಕೆ: ಪಿನ್‌ಗಳ ಕ್ರಮ ಒಂದು ತಂಡದಿಂದ ಇನ್ನೊಂದಕ್ಕೆ ಬದಲಾಗಿರುತ್ತದೆ, ಆದ್ದರಿಂದ ಇಂಟರ್‌ನೆಟ್ಟಿನ ಚಿತ್ರ ನಂಬದೆ ನಿಮ್ಮ ಕೈಯಲ್ಲಿರುವ ತುಂಡಿನ ಮೇಲೆ ಅಚ್ಚಾಗಿರುವುದನ್ನು ನೋಡಿ, ಸಾಧ್ಯವಾದರೆ ಕವಚ ಬಿಚ್ಚಿ ಒಳಗಿನ ಅಚ್ಚಿಗೆ ಹೋಲಿಸಿ. ಹಲವು ನಕಲುಗಳಲ್ಲಿ ರೀಸೆಟ್ ಪಿನ್ ಎಸ್‌ಟಿಎಂ32ಕ್ಕೆ ಕೆಲಸ ಮಾಡುವುದಿಲ್ಲ. ಇದು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಕಾಲೇಜಿನಲ್ಲಿ ಇರುವುದು ಆರ್ಡುಯಿನೊ ಊನೊ. ಅದಕ್ಕೆ ಎಸ್‌ಟಿ-ಲಿಂಕ್ ಹಾಕಬಹುದೇ?

ಆಗುವುದಿಲ್ಲ. ಹಳೆಯ ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಭಾಷೆ ಡಿಬಗ್‌ವೈರ್. ಅದು ರೀಸೆಟ್ ಪಿನ್ನಿನ ಮೇಲೆಯೇ ನಡೆಯುತ್ತದೆ. ಅದಕ್ಕೆ ಬೇರೆಯದೇ ಉಪಕರಣ ಬೇಕು, ರೀಸೆಟ್ ದಾರಿಯಲ್ಲಿರುವ ಕೆಪಾಸಿಟರನ್ನೂ ಬೇರ್ಪಡಿಸಬೇಕು. ಕಲಿಯುವ ಹಂತದಲ್ಲಿ ಅಷ್ಟು ಶ್ರಮ ಬೇಡ.

## ತಂತಿ, ವಿದ್ಯುತ್, ನೆಲ

ಎಷ್ಟು ತಂತಿ ಹಾಕಬೇಕು? ಯಾವುದು ಎಲ್ಲಿಗೆ ಹೋಗುತ್ತದೆ?

ಎಸ್‌ಡಬ್ಲ್ಯುಡಿಗೆ ಕನಿಷ್ಠ ಮೂರು: ದತ್ತಾಂಶದ ತಂತಿ ಎಸ್‌ಡಬ್ಲ್ಯುಡಿಐಒ, ಗಡಿಯಾರದ ತಂತಿ ಎಸ್‌ಡಬ್ಲ್ಯುಸಿಎಲ್‌ಕೆ, ಮತ್ತು ಗ್ರೌಂಡ್. ನಾನು ಯಾವಾಗಲೂ ಐದು ಹಾಕುತ್ತೇನೆ. ರೀಸೆಟ್ ಮತ್ತು ವಿಟಿರೆಫ್ ಕೂಡ. ಬ್ಲೂ ಪಿಲ್ ಎಂಬ ಅಗ್ಗದ ಎಸ್‌ಟಿಎಂ32ಎಫ್103 ಬೋರ್ಡಿನಲ್ಲಿ ದತ್ತಾಂಶ ಪಿಎ13ಕ್ಕೆ, ಗಡಿಯಾರ ಪಿಎ14ಕ್ಕೆ ಬರುತ್ತದೆ.

ವಿಟಿರೆಫ್ ಬಗ್ಗೆ ತುಂಬ ಜನ ತಪ್ಪು ತಿಳಿದಿದ್ದಾರೆ. ಒಳ್ಳೆಯ ಪ್ರೋಬ್‌ನಲ್ಲಿ ಅದು ಬೋರ್ಡಿಗೆ ವಿದ್ಯುತ್ ಕೊಡುವ ತಂತಿಯಲ್ಲ. ಬೋರ್ಡು ಎಷ್ಟು ವೋಲ್ಟಿನಲ್ಲಿ ಓಡುತ್ತಿದೆ ಎಂದು ಪ್ರೋಬ್ ಅಳೆದು ತಿಳಿಯುವ ತಂತಿ. 1.8 ವೋಲ್ಟಿನ ಚಿಪ್ ಜೊತೆ 3.3 ವೋಲ್ಟಿನ ದನಿಯಲ್ಲಿ ಮಾತನಾಡಿದರೆ ಚಿಪ್ ಹಾಳಾಗಬಹುದಲ್ಲವೇ, ಅದಕ್ಕೆ ಈ ಏರ್ಪಾಡು. ಅಗ್ಗದ ನಕಲುಗಳಲ್ಲಿ ಮಾತ್ರ ಅದೇ ಜಾಗದಲ್ಲಿ 3.3 ವೋಲ್ಟ್ ಹೊರಗೆ ಬರುತ್ತಿರುತ್ತದೆ. ಬೋರ್ಡಿಗೆ ಬೇರೆ ಕಡೆಯಿಂದ ವಿದ್ಯುತ್ ಇದ್ದಾಗ ಆ ತಂತಿಯನ್ನು ಹಾಕಬೇಡಿ. ಎರಡು ರೆಗ್ಯುಲೇಟರ್‌ಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ.

ನಿಮ್ಮದೇ ಬೋರ್ಡ್ ವಿನ್ಯಾಸ ಮಾಡುತ್ತಿದ್ದರೆ ಆರ್ಮ್‌ನ ಹತ್ತು ಪಿನ್ನಿನ, 1.27 ಮಿಲಿಮೀಟರ್ ಅಂತರದ ಕನೆಕ್ಟರ್‌ಗೆ ಜಾಗ ಬಿಡಿ. 1ನೇ ಪಿನ್ ವಿಟಿರೆಫ್, 2 ದತ್ತಾಂಶ, 4 ಗಡಿಯಾರ, 6 ಎಸ್‌ಡಬ್ಲ್ಯುಒ (ಚಿಪ್ ಸಂದೇಶ ಹೊರಗೆ ಕಳುಹಿಸುವ ತಂತಿ), 10 ರೀಸೆಟ್. 3 ಮತ್ತು 5 ಗ್ರೌಂಡ್. ಕನೆಕ್ಟರ್ ಕೂರಿಸಲು ಹಣವಿಲ್ಲದಿದ್ದರೂ ಬರಿಯ ತಾಮ್ರದ ಪ್ಯಾಡ್‌ಗಳನ್ನಾದರೂ ಬಿಡಿ. ಮುಂದೊಂದು ದಿನ ಆ ಬೋರ್ಡನ್ನು ರಿಪೇರಿಗೆ ಕೈಗೆತ್ತಿಕೊಳ್ಳುವವರು ನಿಮ್ಮನ್ನು ನೆನೆಯುತ್ತಾರೆ.

ಎಲ್ಲ ಸರಿಯಾಗಿ ಜೋಡಿಸಿದ್ದೇನೆ ಮೇಡಂ, ಆದರೂ ಟಾರ್ಗೆಟ್ ಸಿಗುತ್ತಿಲ್ಲ ಎನ್ನುತ್ತದೆ. ಏನು ಮಾಡಲಿ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಟಾರ್ಗೆಟ್ ಎಂದರೆ ನೀವು ಡಿಬಗ್ ಮಾಡಲು ಹೊರಟ ಚಿಪ್. ಲ್ಯಾಪ್‌ಟಾಪ್ ಮುಚ್ಚಿ ಮಲ್ಟಿಮೀಟರ್ ಕೈಗೆ ತೆಗೆದುಕೊಳ್ಳಿ.

ಮೊದಲು ವಿದ್ಯುತ್. ಕನೆಕ್ಟರ್ ಬಳಿಯಲ್ಲ, ಚಿಪ್‌ನ ಕಾಲಿನ ಮೇಲೆಯೇ ಮೊನೆ ಇಟ್ಟು ಅಳೆಯಿರಿ. ಅಲ್ಲಿ 3.3 ವೋಲ್ಟ್ ಬರಬೇಕು. 2 ಚಿಲ್ಲರೆ ತೋರಿಸಿದರೆ ಚಿಪ್‌ಗೆ ಪಿನ್‌ಗಳ ಮೂಲಕ ಕಳ್ಳದಾರಿಯಲ್ಲಿ ವಿದ್ಯುತ್ ಹರಿಯುತ್ತಿದೆ ಎಂದರ್ಥ, ನಿಜವಾದ ಪೂರೈಕೆ ಇಲ್ಲ. ಆಮೇಲೆ ಗ್ರೌಂಡ್: ಪ್ರೋಬ್‌ನ ಗ್ರೌಂಡಿಗೂ ಚಿಪ್‌ನ ಗ್ರೌಂಡಿಗೂ ನಡುವೆ ಮೀಟರ್ ಬೀಪ್ ಅನ್ನಬೇಕು. ಆಮೇಲೆ ಪ್ರತಿಯೊಂದು ಜಂಪರ್ ವೈರನ್ನೂ ಅಲುಗಾಡಿಸುತ್ತಾ ಪರೀಕ್ಷಿಸಿ. ಹೊರಗೆ ಚೆನ್ನಾಗಿ ಕಾಣುವ ವೈರ್ ಒಳಗೆ ತುಂಡಾಗಿರುವುದು ಎಷ್ಟು ಸಾಮಾನ್ಯವೆಂದರೆ, ನಮ್ಮ ಕೋಣೆಯಲ್ಲಿ ಸಂಶಯ ಬಂದ ವೈರನ್ನು ಅಲ್ಲೇ ಕತ್ತರಿಸಿ ಬಿಸಾಡುವ ನಿಯಮವಿದೆ. ಡಬ್ಬಿಗೆ ವಾಪಸು ಹಾಕಿದರೆ ಮುಂದಿನ ಭಾನುವಾರ ಅದು ಇನ್ನೊಬ್ಬರ ಕೈಗೆ ಸಿಗುತ್ತದೆ.

ಇಷ್ಟೂ ಸರಿಯಿದ್ದರೆ ದತ್ತಾಂಶ ಮತ್ತು ಗಡಿಯಾರದ ತಂತಿಗಳನ್ನು ಅದಲು ಬದಲು ಮಾಡಿ ನೋಡಿ, ಅದರಿಂದ ಹಾನಿಯಿಲ್ಲ. ತಂತಿಯ ಉದ್ದ ಗೇಣಿಗಿಂತ ಹೆಚ್ಚಿದ್ದರೆ ಕಡಿಮೆ ಮಾಡಿ. ವೇಗವನ್ನು 100 ಕಿಲೊಹರ್ಟ್ಸ್‌ಗೆ ಇಳಿಸಿ. ನಿಧಾನದಲ್ಲಿ ಸಿಕ್ಕಿ ವೇಗದಲ್ಲಿ ತಪ್ಪಿದರೆ ತೊಂದರೆ ತಂತಿಯಲ್ಲೋ ಗ್ರೌಂಡಿನಲ್ಲೋ ಇದೆ, ತಂತ್ರಾಂಶದಲ್ಲಿಲ್ಲ.

ಈಗ ಲ್ಯಾಪ್‌ಟಾಪ್ ತೆರೆಯಿರಿ. ಓಪನ್‌ಒಸಿಡಿ ಶುರುವಾದಾಗ ಟಾರ್ಗೆಟ್ ವೋಲ್ಟೇಜ್ ಎಷ್ಟೆಂದು ಒಂದು ಸಾಲು ಬರುತ್ತದೆ. ಕೆಂಪು ಅಕ್ಷರದ ದೋಷಸೂಚನೆಗಿಂತ ಮೊದಲು ಈ ಸಾಲನ್ನು ಓದಿ. ನಿಜವಾದ ಎಸ್‌ಟಿ-ಲಿಂಕ್‌ನಲ್ಲಿ ಅದು ಸೊನ್ನೆಗೆ ಹತ್ತಿರವಿದ್ದರೆ ಬೋರ್ಡಿಗೆ ವಿದ್ಯುತ್ ಇಲ್ಲ ಅಥವಾ ವಿಟಿರೆಫ್ ಬಿಟ್ಟುಹೋಗಿದೆ.

ನನ್ನ ಲ್ಯಾಪ್‌ಟಾಪ್ ಪ್ರೋಬನ್ನೇ ಗುರುತಿಸುವುದಿಲ್ಲ. ಗೆಳೆಯನದರಲ್ಲಿ ಬರುತ್ತದೆ.

ಉಬುಂಟುವಿನಲ್ಲಿ ಇದು ಹೆಚ್ಚಾಗಿ ಅನುಮತಿಯ ಪ್ರಶ್ನೆ. ಸಾಮಾನ್ಯ ಬಳಕೆದಾರರಿಗೆ ಆ ಯುಎಸ್‌ಬಿ ಸಾಧನವನ್ನು ತೆರೆಯುವ ಹಕ್ಕು ಕೊಡುವ ಯುಡೆವ್ ನಿಯಮ ಬೇಕು. ಓಪನ್‌ಒಸಿಡಿ ಜೊತೆಗೇ ಅಂಥ ಒಂದು ಫೈಲ್ ಬರುತ್ತದೆ, ಅದನ್ನು ನಿಯಮಗಳ ಕಡತಕೋಶಕ್ಕೆ ನಕಲು ಮಾಡಿ ಪ್ರೋಬನ್ನು ಕಿತ್ತು ಮತ್ತೆ ಚುಚ್ಚಿ. ಪ್ರತಿ ಸಲ ಸುಡೊ ಹಾಕಿ, ಅಂದರೆ ನಿರ್ವಾಹಕರ ಹಕ್ಕಿನಲ್ಲಿ, ಓಡಿಸುವ ಅಭ್ಯಾಸ ಬೇಡ. ವಿಂಡೋಸ್‌ನಲ್ಲಿ ಚಾಲಕ ತಂತ್ರಾಂಶ ನೋಡಿ. ಎರಡಕ್ಕೂ ಮೊದಲು ಕೇಬಲ್ ಬದಲಿಸಿ: ಮೊಬೈಲ್ ಚಾರ್ಜರ್ ಜೊತೆ ಬಂದ ಕೆಲವು ಕೇಬಲ್‌ಗಳಲ್ಲಿ ದತ್ತಾಂಶದ ತಂತಿಯೇ ಇರುವುದಿಲ್ಲ.

ಪಂಪ್‌ಸೆಟ್ ಸ್ಟಾರ್ಟರಿನ ಬೋರ್ಡ್ ರಿಪೇರಿಗೆ ಬಂದಿದೆ. ಕರೆಂಟ್ ಕೊಟ್ಟುಕೊಂಡೇ ಪ್ರೋಬ್ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರಿದ್ದರೆ ಇದನ್ನು ಓದಿ.

ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಲ್ಲಿ ಮೊಬೈಲಿನಿಂದ ಪಂಪ್ ಚಾಲೂ ಮಾಡುವ ಪೆಟ್ಟಿಗೆಗಳು ಈಗ ಸಾಮಾನ್ಯ. ಅವುಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ ನೇರ ಮುಖ್ಯ ಲೈನಿನಿಂದಲೇ 5 ವೋಲ್ಟ್ ಇಳಿಸಿಕೊಂಡಿರುತ್ತಾರೆ. ಅಂಥ ಬೋರ್ಡಿನಲ್ಲಿ ಗ್ರೌಂಡ್ ಎಂದು ಬರೆದಿರುವುದು ಭೂಮಿಯಲ್ಲ, ಲೈನಿನ ಒಂದು ತಂತಿ. ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಅದರ ಮೇಲೆ 230 ವೋಲ್ಟ್ ಇರುತ್ತದೆ. ಪ್ರೋಬ್‌ನ ಗ್ರೌಂಡ್ ಲ್ಯಾಪ್‌ಟಾಪಿನ ಗ್ರೌಂಡ್‌ಗೆ, ಅದು ಚಾರ್ಜರಿನ ಮೂರನೇ ಪಿನ್ನಿನ ಮೂಲಕ ಭೂಮಿಗೆ ಸೇರಿರಬಹುದು. ಜೋಡಿಸಿದ ಕ್ಷಣದಲ್ಲಿ ದೊಡ್ಡ ಪ್ರವಾಹ ನಿಮ್ಮ ಯುಎಸ್‌ಬಿ ಪೋರ್ಟಿನ ಮೂಲಕ ಹರಿಯುತ್ತದೆ. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಹೀಗೆಯೇ ಒಂದು ಲ್ಯಾಪ್‌ಟಾಪ್ ಕಳೆದುಕೊಂಡೆ. ಕೈ ಆ ತಂತಿಯ ಮೇಲೆ ಇರಲಿಲ್ಲ ಎಂಬುದಷ್ಟೇ ಅಂದಿನ ಪುಣ್ಯ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಆಯಿತಲ್ಲ ಎಂದು ಕೇಳುತ್ತಾರೆ. ಆಗ ಲ್ಯಾಪ್‌ಟಾಪ್ ಸುಡುವುದಿಲ್ಲ, ಆದರೆ ಅದರ ಲೋಹದ ಮೈಯೆಲ್ಲ 230 ವೋಲ್ಟಿಗೆ ಏರಿ ನಿಮ್ಮ ಕೈಗಾಗಿ ಕಾಯುತ್ತಿರುತ್ತದೆ. ಅದು ಇನ್ನೂ ಅಪಾಯ.

ಸರಿಯಾದ ದಾರಿ ಹೀಗೆ. ಬೋರ್ಡನ್ನು ಲೈನಿನಿಂದ ಪೂರ್ತಿ ಬಿಡಿಸಿ, ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿದಿದೆ ಎಂದು ಮೀಟರಿನಿಂದ ಖಚಿತಪಡಿಸಿಕೊಂಡು, ಮೇಜಿನ ಪವರ್ ಸಪ್ಲೈನಿಂದ 5 ಅಥವಾ 3.3 ವೋಲ್ಟ್ ಕೊಟ್ಟು ಡಿಬಗ್ ಮಾಡಿ. ಹೆಚ್ಚಿನ ಪಾಲು ಕೆಲಸ ಹೀಗೆಯೇ ಮುಗಿಯುತ್ತದೆ. ಲೈನಿನ ಮೇಲೆಯೇ ನೋಡಬೇಕಾದ ದೋಷವಾದರೆ ಐಸೊಲೇಶನ್ ಇರುವ, ಅಂದರೆ ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ, ಪ್ರೋಬ್ ಬೇಕು. ಎಸ್‌ಟಿ-ಲಿಂಕ್ ವಿ2ನಲ್ಲಿ ಅಂಥ ಪ್ರತ್ಯೇಕ ಮಾದರಿಯೇ ಇದೆ. ಯುಎಸ್‌ಬಿ ಐಸೊಲೇಟರ್‌ಗಳೂ ಸಿಗುತ್ತವೆ. ಆದರೂ ಐಸೊಲೇಟರಿನ ಆಚೆ ಬದಿಯ ಪ್ರೋಬ್ ಮುಖ್ಯ ಲೈನಿನ ಮೇಲೆಯೇ ಕೂತಿರುತ್ತದೆ ಎಂಬುದನ್ನು ಮರೆಯಬೇಡಿ. ಅದನ್ನು ಮುಟ್ಟಬಾರದು. ಒಬ್ಬರೇ ಇರುವಾಗ ಈ ಕೆಲಸ ಬೇಡ.

## ಎಡಿಟರಿನಿಂದ ಚಿಪ್‌ವರೆಗೆ

ವಿಎಸ್ ಕೋಡ್‌ನಲ್ಲಿ ಡಿಬಗ್ ಗುಂಡಿ ಒತ್ತಿದರೆ ಏನೋ ದೋಷ ಬಂದು ನಿಲ್ಲುತ್ತದೆ. ಏನೇನು ಹೊಂದಿಸಬೇಕು?

ಗುಂಡಿ ಒತ್ತುವ ಮೊದಲು ಟರ್ಮಿನಲ್ಲಿನಲ್ಲಿ ಓಪನ್‌ಒಸಿಡಿಯನ್ನು ಕೈಯಾರೆ ಓಡಿಸಿ. ಅದಕ್ಕೆ ಎರಡು ಫೈಲ್ ಹೇಳಬೇಕು: ಪ್ರೋಬ್ ಯಾವುದು ಎಂದು ಹೇಳುವ ಇಂಟರ್‌ಫೇಸ್ ಫೈಲ್, ಚಿಪ್ ಯಾವುದು ಎಂದು ಹೇಳುವ ಟಾರ್ಗೆಟ್ ಫೈಲ್. ಚಿಪ್ ಸಿಕ್ಕರೆ ಇಷ್ಟು ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಿಸುವ ಗುರುತು), ಇಷ್ಟು ವಾಚ್‌ಪಾಯಿಂಟ್ (ಮೆಮೊರಿಯ ವಿಳಾಸಕ್ಕೆ ಹಾಕುವ ಕಾವಲು) ಇವೆ ಎಂದು ಹೇಳಿ, 3333ನೇ ಪೋರ್ಟಿನಲ್ಲಿ ಜಿಡಿಬಿಗಾಗಿ ಕಾಯುತ್ತದೆ. ಇಲ್ಲಿಯವರೆಗೆ ಬರದೆ ಎಡಿಟರ್ ಕಡೆ ನೋಡಬೇಡಿ.

ಬಂದಿತೆಂದರೆ ವಿಎಸ್ ಕೋಡ್‌ನ ಕಾರ್ಟೆಕ್ಸ್-ಡಿಬಗ್ ವಿಸ್ತರಣೆಗೆ ನಾಲ್ಕು ವಿಷಯ ತಿಳಿಸಿದರೆ ಸಾಕು: ಸರ್ವರ್ ಓಪನ್‌ಒಸಿಡಿ ಎಂದು, ಆ ಎರಡು ಫೈಲ್‌ಗಳ ಹೆಸರು, ಕಂಪೈಲ್ ಆದ ಇಎಲ್ಎಫ್ ಫೈಲಿನ ದಾರಿ, ಮತ್ತು ಚಿಪ್‌ನ ರಿಜಿಸ್ಟರ್‌ಗಳ ವಿವರವಿರುವ ಎಸ್‌ವಿಡಿ ಫೈಲ್. ಇಎಲ್ಎಫ್ ಬದಲು ಬಿನ್ ಫೈಲ್ ಕೊಡುವವರು ಬಹಳ. ಬಿನ್‌ನಲ್ಲಿ ಬರಿಯ ಬೈಟ್‌ಗಳಿರುತ್ತವೆ, ಯಾವ ಬೈಟ್ ಯಾವ ಸಾಲಿನದು ಎಂಬ ಮಾಹಿತಿ ಇರುವುದಿಲ್ಲ. ಎಸ್‌ವಿಡಿ ಕಡ್ಡಾಯವಲ್ಲ, ಆದರೆ ಅದಿದ್ದರೆ ಟೈಮರ್, ಎಡಿಸಿ ಮುಂತಾದವುಗಳ ರಿಜಿಸ್ಟರ್‌ಗಳು ಹೆಸರು ಸಮೇತ, ಬಿಟ್ ಬಿಟ್ಟಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿಗಳ ಮುಖ ಅರಳುವುದನ್ನು ನೋಡಲು ನನಗೆ ಬಹಳ ಇಷ್ಟ.

ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದು ಬಂದರೆ ಕೈಯಾರೆ ಓಡಿಸಿದ ಓಪನ್‌ಒಸಿಡಿಯನ್ನು ನೀವು ಮುಚ್ಚಿಲ್ಲ.

ಐಡಿ ಬೇರೆ ಬಂದಿದೆ ಎಂದು ಓಪನ್‌ಒಸಿಡಿ ತಕರಾರು ಮಾಡುತ್ತದೆ. ಬೋರ್ಡ್ ಹಾಳಾಗಿದೆಯೇ?

ಹಾಳಾಗಿಲ್ಲ, ಮಾತನಾಡಿತಲ್ಲ! ಎಸ್‌ಟಿಎಂ32ಎಫ್103ರ ಡಿಬಗ್ ಪೋರ್ಟ್ ತನ್ನ ಗುರುತನ್ನು 1ಬಿಎ01477 ಎಂದು ಹೇಳಬೇಕು. ನಿಮ್ಮದು 2ಬಿಎ01477 ಎಂದರೆ ಅಗ್ಗದ ಬ್ಲೂ ಪಿಲ್‌ಗಳಲ್ಲಿ ಕೂರಿಸುವ ಸಿಎಸ್32ಎಫ್103ರಂಥ ತದ್ರೂಪಿ ಚಿಪ್ ಇರಬಹುದು, ಇಲ್ಲವೇ ಎಸ್‌ಟಿಎಂ32ರ ಎಫ್4 ಸರಣಿಯ ಚಿಪ್‌ಗೆ ಎಫ್1 ಸರಣಿಯ (ಎಫ್103 ಸೇರಿರುವುದು ಇದಕ್ಕೆ) ಟಾರ್ಗೆಟ್ ಫೈಲ್ ಕೊಟ್ಟಿದ್ದೀರಿ. ಎರಡನೆಯದಲ್ಲ ಎಂದು ಖಚಿತವಾದರೆ ನಿರೀಕ್ಷಿತ ಗುರುತನ್ನು ಸಂರಚನೆಯಲ್ಲಿ ಬದಲಿಸಿ ಮುಂದುವರಿಯಿರಿ. ಕಲಿಕೆಗೆ ತೊಂದರೆಯಿಲ್ಲ. ಗ್ರಾಹಕರಿಗೆ ಕೊಡುವ ಸರಕಿನಲ್ಲಿ ಮಾತ್ರ ಅಂಥ ಚಿಪ್ ಬೇಡ.

ಆರು ಬ್ರೇಕ್‌ಪಾಯಿಂಟ್ ಹಾಕಿದ ಮೇಲೆ ಏಳನೆಯದನ್ನು ಹಾಕಲು ಬಿಡುವುದಿಲ್ಲ. ಇದೇನು ಉಚಿತ ಆವೃತ್ತಿಯ ಮಿತಿಯೇ?

ಅಲ್ಲ, ಸಿಲಿಕಾನಿನ ಮಿತಿ. ಫ್ಲ್ಯಾಶ್‌ನಲ್ಲಿರುವ ಸೂಚನೆಯನ್ನು ಸುಲಭವಾಗಿ ತಿದ್ದಲಾಗುವುದಿಲ್ಲ, ಆದ್ದರಿಂದ ವಿಳಾಸವನ್ನು ಹೋಲಿಸುವ ಪುಟ್ಟ ಮಂಡಲಗಳು ಚಿಪ್‌ನ ಒಳಗೇ ಇರುತ್ತವೆ. ಎಸ್‌ಟಿಎಂ32ರ ಕಾರ್ಟೆಕ್ಸ್-ಎಂ3 ಮತ್ತು ಎಂ4 ಚಿಪ್‌ಗಳಲ್ಲಿ ಅವು ಆರು, ಎಂ0ನಲ್ಲಿ ನಾಲ್ಕು. ಸಾಲು ಸಾಲಾಗಿ ದಾಟುವಾಗ ಡಿಬಗ್ಗರ್ ತಾನೇ ಒಂದನ್ನು ತಾತ್ಕಾಲಿಕವಾಗಿ ಬಳಸಿಕೊಳ್ಳಬಹುದು, ಹಾಗಾಗಿ ಒಂದನ್ನು ಖಾಲಿ ಬಿಡಿ.

ವಾಚ್‌ಪಾಯಿಂಟ್‌ಗಳನ್ನು ಜನ ಬಳಸುವುದೇ ಇಲ್ಲ, ಅದು ನನಗೆ ಬೇಸರ. ಒಂದು ವೇರಿಯಬಲ್‌ನ ಬೆಲೆಯನ್ನು ಯಾರು ಕೆಡಿಸುತ್ತಿದ್ದಾರೆಂದು ತಿಳಿಯದಿದ್ದಾಗ ಆ ವಿಳಾಸದ ಮೇಲೆ ಕಾವಲು ಹಾಕಿ ಓಡಲು ಬಿಡಿ. ಬರೆದ ಸಾಲಿನ ಆಸುಪಾಸಿನಲ್ಲೇ ಚಿಪ್ ನಿಂತು ತೋರಿಸುತ್ತದೆ. ಎರಡು ದಿನ ಕೋಡ್ ಓದಿ ಸಿಗದ ಅರೇ ಮೀರಿದ ಬರಹ ಎರಡು ನಿಮಿಷದಲ್ಲಿ ಸಿಕ್ಕಿದ್ದನ್ನು ನಮ್ಮ ಮೇಜಿನ ಮೇಲೆಯೇ ಕಂಡಿದ್ದೇವೆ.

ವೇರಿಯಬಲ್ ಮೇಲೆ ಮೌಸ್ ಇಟ್ಟರೆ ಬೆಲೆ ತೋರಿಸುವುದಿಲ್ಲ, ಸಾಲುಗಳು ಹಿಂದೆ ಮುಂದೆ ಜಿಗಿಯುತ್ತವೆ.

ಕಂಪೈಲರ್ ಕೋಡನ್ನು ಚುರುಕುಗೊಳಿಸುವಾಗ ಆ ವೇರಿಯಬಲ್ ಅನ್ನೇ ತೆಗೆದುಹಾಕಿದೆ. ಡಿಬಗ್‌ಗೆಂದೇ ಇರುವ ಜಿ ಮಟ್ಟದ ಆಪ್ಟಿಮೈಸೇಶನ್‌ನಲ್ಲಿ (-Og) ಕಂಪೈಲ್ ಮಾಡಿ.

ನನ್ನ ಪ್ರೋಗ್ರಾಂ ಹಾಕುವವರೆಗೂ ಚೆನ್ನಾಗಿತ್ತು. ಹಾಕಿದ ಮೇಲೆ ಪ್ರೋಬ್‌ಗೆ ಚಿಪ್ ಸಿಗುವುದೇ ಇಲ್ಲ. ಸತ್ತುಹೋಯಿತೇ?

ಸತ್ತಿಲ್ಲ, ಬಾಗಿಲು ಹಾಕಿಕೊಂಡಿದೆ. ಪಿಎ13 ಮತ್ತು ಪಿಎ14 ಸಾಮಾನ್ಯ ಪಿನ್‌ಗಳೂ ಹೌದು. ನಿಮ್ಮ ಪ್ರೋಗ್ರಾಂ ಅವನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ಡಿಬಗ್ ದಾರಿ ಮುಚ್ಚುತ್ತದೆ. ಎಫ್1 ಚಿಪ್‌ಗೆ ಕ್ಯೂಬ್‌ಎಂಎಕ್ಸ್‌ನಲ್ಲಿ (ಆರಂಭಿಕ ಕೋಡ್ ಬರೆದುಕೊಡುವ ಎಸ್‌ಟಿಯ ತಂತ್ರಾಂಶ) ಯೋಜನೆ ತೆರೆದಾಗ ಸಿಸ್ಟಮ್ ವಿಭಾಗದಲ್ಲಿ ಡಿಬಗ್ ಅನ್ನು ಸೀರಿಯಲ್ ವೈರ್ ಎಂದು ನೀವಾಗಿ ಆರಿಸದಿದ್ದರೆ, ಅದು ಬರೆದುಕೊಡುವ ಕೋಡ್ ಈ ಪಿನ್‌ಗಳನ್ನು ಮುಚ್ಚಿಬಿಡುತ್ತದೆ. ಚಿಪ್ ಗಾಢ ನಿದ್ರೆಗೆ ಹೋದಾಗಲೂ ಲಕ್ಷಣ ಇದೇ.

ಪ್ರೋಗ್ರಾಂ ಓಡುವ ಮೊದಲೇ ಹಿಡಿಯಬೇಕು. ರೀಸೆಟ್ ತಂತಿ ಇದ್ದರೆ ರೀಸೆಟ್‌ನಲ್ಲಿ ಇಟ್ಟುಕೊಂಡೇ ಜೋಡಿಸುವ ಆಯ್ಕೆ ಬಳಸಿ. ಅದಕ್ಕೇ ರೀಸೆಟ್ ತಂತಿಯ ಬಗ್ಗೆ ಮೊದಲೇ ಹೇಳಿದ್ದು. ಪ್ರೋಬ್‌ನ ರೀಸೆಟ್ ಕೆಲಸ ಮಾಡದಿದ್ದರೆ ಬೋರ್ಡಿನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಜೋಡಿಸುವ ಆಜ್ಞೆ ಕೊಟ್ಟು, ತಕ್ಷಣ ಬಿಡಿ. ನಾಲ್ಕೈದು ಸಲ ತಪ್ಪಬಹುದು, ಕೈ ಪಳಗುತ್ತದೆ. ಇನ್ನೂ ಸುಲಭದ ದಾರಿ ಬೂಟ್0 ಜಂಪರ್: ಅದನ್ನು 1ಕ್ಕೆ ಇಟ್ಟು ರೀಸೆಟ್ ಮಾಡಿದರೆ ಚಿಪ್ ನಿಮ್ಮ ಪ್ರೋಗ್ರಾಂ ಬದಲು ಕಾರ್ಖಾನೆಯ ಬೂಟ್‌ಲೋಡರ್ ಓಡಿಸುತ್ತದೆ. ಆಗ ಜೋಡಿಸಿ, ಫ್ಲ್ಯಾಶ್ ಅಳಿಸಿ, ಜಂಪರ್ ಹಿಂದಕ್ಕೆ ಹಾಕಿ.

## ಆಳಕ್ಕೆ ಇಳಿದವರಿಗೆ

ಹಾರ್ಡ್‌ಫಾಲ್ಟ್‌ನಲ್ಲಿ ಹೋಗಿ ಕೂರುತ್ತದೆ. ಎಲ್ಲಿಂದ ಬಂತು ಎಂದು ಕಂಡುಹಿಡಿಯುವುದು ಹೇಗೆ?

ಹಾರ್ಡ್‌ಫಾಲ್ಟ್ ಎಂದರೆ ಪ್ರೊಸೆಸರ್ ಮುಂದುವರಿಯಲಾಗದ ತಪ್ಪಿಗೆ ಸಿಕ್ಕಿ ಫಾಲ್ಟ್ ಹ್ಯಾಂಡ್ಲರ್ ಎಂಬ ಫಂಕ್ಷನ್‌ಗೆ ಜಿಗಿಯುವುದು. ಫಾಲ್ಟ್ ಆದಾಗ ಕಾರ್ಟೆಕ್ಸ್-ಎಂ ತಾನಾಗಿ ಎಂಟು ಪದಗಳನ್ನು ಸ್ಟ್ಯಾಕ್ ಮೇಲೆ ಇಡುತ್ತದೆ: ಆರ್0ರಿಂದ ಆರ್3, ಆರ್12, ಎಲ್‌ಆರ್, ಪಿಸಿ, ಮತ್ತು ಸ್ಥಿತಿ ರಿಜಿಸ್ಟರ್. ಫಾಲ್ಟ್ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ನಿಲ್ಲಿಸಿ, ಎಲ್‌ಆರ್ ನೋಡಿ. ಅದರ 2ನೇ ಬಿಟ್ 0 ಆಗಿದ್ದರೆ ಮುಖ್ಯ ಸ್ಟ್ಯಾಕ್, 1 ಆಗಿದ್ದರೆ ಪ್ರೊಸೆಸ್ ಸ್ಟ್ಯಾಕ್. ಆ ಸ್ಟ್ಯಾಕ್‌ನ ತಲೆಯಿಂದ ಎಣಿಸಿ ಏಳನೆಯ ಪದವೇ ಪ್ರೋಗ್ರಾಂ ಎಡವಿದ ವಿಳಾಸ. ಅದು ಯಾವ ಸಾಲು ಎಂದು ಜಿಡಿಬಿಯನ್ನು ಕೇಳಿ.

ಕಾರಣ ತಿಳಿಯಲು ಫಾಲ್ಟ್‌ನ ಬಗೆಯನ್ನು ದಾಖಲಿಸುವ ಸಿಎಫ್‌ಎಸ್‌ಆರ್ ರಿಜಿಸ್ಟರ್ ಓದಿ. 9ನೇ ಬಿಟ್ ಎದ್ದಿದ್ದರೆ ಇಲ್ಲದ ವಿಳಾಸಕ್ಕೆ ಕೈಚಾಚಿದ್ದೀರಿ. 15ನೇ ಬಿಟ್ ಕೂಡ ಎದ್ದಿದ್ದರೆ ಆ ವಿಳಾಸ ಯಾವುದೆಂದು ಬಿಎಫ್‌ಎಆರ್ ಎಂಬ ಇನ್ನೊಂದು ರಿಜಿಸ್ಟರ್ ಹೇಳುತ್ತದೆ. 17 ಎಂದರೆ ತಪ್ಪು ಫಂಕ್ಷನ್ ಪಾಯಿಂಟರ್ ಇರುವ ಸಂಭವ ಹೆಚ್ಚು. 25 ಎಂದರೆ ಸೊನ್ನೆಯಿಂದ ಭಾಗಾಕಾರ. 10ನೇ ಬಿಟ್ ಎದ್ದರೆ ಮಾತ್ರ ತಾಳ್ಮೆ ಬೇಕು: ಬರಹ ತಡವಾಗಿ ತಲುಪಿ ಎಡವಿದ್ದರಿಂದ ಸ್ಟ್ಯಾಕ್‌ನಲ್ಲಿರುವ ವಿಳಾಸ ನಿಜವಾದ ತಪ್ಪಿಗಿಂತ ಸ್ವಲ್ಪ ಮುಂದಿರುತ್ತದೆ, ಹಿಂದಿನ ಸಾಲುಗಳನ್ನು ಹುಡುಕಿ. ಎಂ0 ಚಿಪ್‌ಗಳಲ್ಲಿ ಈ ರಿಜಿಸ್ಟರ್ ಇಲ್ಲ, ಅಲ್ಲಿ ಸ್ಟ್ಯಾಕ್ ಒಂದೇ ಸಾಕ್ಷಿ.

ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ತಕ್ಷಣ ಮೋಟಾರ್ ಡ್ರೈವರ್ ಬಿಸಿಯಾಗಿ ಹೊಗೆ ಬಂತು. ಯಾಕೆ?

ನಿಂತದ್ದು ಪ್ರೊಸೆಸರ್ ಮಾತ್ರ, ಟೈಮರ್ ನಿಲ್ಲಲಿಲ್ಲ. ಕೊನೆಯ ಪಿಡಬ್ಲ್ಯುಎಂ (ಟೈಮರ್ ವೇಗವಾಗಿ ಆನ್-ಆಫ್ ಮಾಡಿ ವಿದ್ಯುತ್ ಹತೋಟಿಯಲ್ಲಿಡುವ ವಿಧಾನ) ಪ್ರಮಾಣದಲ್ಲೇ ವಿದ್ಯುತ್ ಹರಿಯುತ್ತಿತ್ತು, ಅದನ್ನು ತಗ್ಗಿಸಬೇಕಾದ ಕೋಡ್ ನಿದ್ರಿಸುತ್ತಿತ್ತು. ಎಸ್‌ಟಿಎಂ32ರಲ್ಲಿ ಡಿಬಿಜಿಎಂಸಿಯು ಎಂಬ ವಿಭಾಗವಿದೆ. ಪ್ರೊಸೆಸರ್ ನಿಂತಾಗ ಯಾವ ಟೈಮರ್ ನಿಲ್ಲಬೇಕು ಎಂದು ಅಲ್ಲಿ ಹೇಳಬಹುದು. ಎಫ್1ರಲ್ಲಿ ಆ ಬಿಟ್ ಹಾಕಿದರೆ ಟೈಮರಿನ ಹೊರಹರಿವೂ ತುರ್ತು ನಿಲುಗಡೆಯಂತೆ ಮುಚ್ಚಿಕೊಳ್ಳುತ್ತದೆ. ಬೇರೆ ಸರಣಿಗಳಲ್ಲಿ ನಿಮ್ಮ ಚಿಪ್‌ನ ಕೈಪಿಡಿ ನೋಡಿ. ಪ್ರೋಗ್ರಾಂ ಸ್ತಬ್ಧವಾದರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್‌ಗೂ ಅಂಥ ಬಿಟ್ ಇದೆ, ಇಲ್ಲದಿದ್ದರೆ ನೀವು ಯೋಚಿಸುತ್ತಾ ಕೂತಾಗ ಚಿಪ್ ರೀಸೆಟ್ ಆಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಪರೀಕ್ಷೆಯಲ್ಲಿ ಪವರ್ ಸಪ್ಲೈನ ಪ್ರವಾಹ ಮಿತಿಯನ್ನು ಕೆಳಗಿಟ್ಟಿರಿ.

ಪ್ರೋಬ್ ಇದ್ದರೆ ಓಡುತ್ತದೆ, ಕಿತ್ತರೆ ಓಡುವುದಿಲ್ಲ. ಹೀಗೂ ಆಗುತ್ತದೆಯೇ?

ಆಗುತ್ತದೆ, ಸುಳಿವುಗಳನ್ನು ಒಂದೊಂದಾಗಿ ನೋಡೋಣ. ಡಿಬಗ್ಗರ್ ಮೂಲಕವೇ ಪ್ರಿಂಟ್ ತೋರಿಸುವ ಸೆಮಿಹೋಸ್ಟಿಂಗ್ ಬಳಸಿದ್ದೀರಾ? ಅದು ಪ್ರತಿ ಪ್ರಿಂಟ್‌ಗೂ ಬ್ರೇಕ್‌ಪಾಯಿಂಟ್ ಸೂಚನೆ ಎಸೆದು ಡಿಬಗ್ಗರ್ ಉತ್ತರಕ್ಕಾಗಿ ಕಾಯುತ್ತದೆ. ಡಿಬಗ್ಗರ್ ಇಲ್ಲದಿದ್ದರೆ ನೇರ ಹಾರ್ಡ್‌ಫಾಲ್ಟ್. ಎರಡನೆಯದು, ಬೋರ್ಡಿಗೆ ಪ್ರೋಬ್‌ನಿಂದಲೇ ವಿದ್ಯುತ್ತೋ ಗ್ರೌಂಡೋ ಸಿಗುತ್ತಿತ್ತೇ? ಮೂರನೆಯದು, ಬೂಟ್0 ಪಿನ್ ಎಲ್ಲಿಗೂ ಕಟ್ಟದೆ ತೇಲುತ್ತಿದೆಯೇ? ನಾಲ್ಕನೆಯದು ಸೂಕ್ಷ್ಮ: ಡಿಬಗ್ ಬಿಟ್‌ಗಳನ್ನು ಹಾಕಿದ್ದರೆ ನಿದ್ರೆಯಲ್ಲೂ ಗಡಿಯಾರ ಓಡುತ್ತಿರುತ್ತದೆ. ಹಾಗಾಗಿ ನಿದ್ರೆಗೆ ಸಂಬಂಧಿಸಿದ ಕೆಲವು ತಪ್ಪುಗಳು ಪ್ರೋಬ್ ಇರುವವರೆಗೆ ಗೊತ್ತಾಗದೆ ಉಳಿಯಬಹುದು. ಬ್ಯಾಟರಿ ಬಾಳಿಕೆಯನ್ನು ಅಳೆಯುವಾಗಲೂ ಇದೇ ಕಾರಣಕ್ಕೆ ಪ್ರೋಬ್ ಕಿತ್ತು, ಬೋರ್ಡಿನ ವಿದ್ಯುತ್ತನ್ನು ಒಮ್ಮೆ ಪೂರ್ತಿ ತೆಗೆದು ಕೊಟ್ಟು ಅಳೆಯಿರಿ.

ಬೇರೆ ಕಂಪನಿಯ ಬೋರ್ಡಿನಿಂದ ಪ್ರೋಗ್ರಾಂ ಓದಿ ಇನ್ನೊಂದಕ್ಕೆ ಹಾಕಿಕೊಡಿ ಎಂದು ಗ್ರಾಹಕರು ಕೇಳುತ್ತಾರೆ. ಓದಬಹುದೇ?

ಓದುವ ರಕ್ಷಣೆ ಹಾಕಿದ್ದರೆ ಆಗುವುದಿಲ್ಲ, ಆಗಲೂ ಬಾರದು. ಎಸ್‌ಟಿಎಂ32ರ 1ನೇ ಹಂತದ ರಕ್ಷಣೆಯಲ್ಲಿ ಪ್ರೋಬ್ ಜೋಡಿಸಿದರೆ ಫ್ಲ್ಯಾಶ್ ಓದಲು ಸಿಗುವುದಿಲ್ಲ. ರಕ್ಷಣೆ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಗ್ರಾಹಕರ ಒಂದೇ ಒಂದು ಬೋರ್ಡಿನ ಮೇಲೆ ಅನ್‌ಲಾಕ್ ಗುಂಡಿ ಒತ್ತಿ ಪ್ರೋಗ್ರಾಂ ಕಳೆದವರನ್ನು ಬಲ್ಲೆ. ಎಫ್1ರಲ್ಲಿ ಇಲ್ಲದ, ಎಫ್4ರಂಥ ಸರಣಿಗಳಲ್ಲಿರುವ 2ನೇ ಹಂತ ಡಿಬಗ್ ಬಾಗಿಲನ್ನು ಶಾಶ್ವತವಾಗಿ ಮುಚ್ಚುತ್ತದೆ. ಅದನ್ನು ಕುತೂಹಲಕ್ಕೆ ಒತ್ತಿ ನೋಡಬೇಡಿ. ಫರ್ಮ್‌ವೇರ್ ಬೇಕಿದ್ದರೆ ತಯಾರಕರನ್ನು ಕೇಳುವುದೇ ದಾರಿ.

ಆರ್ಮ್ ಬಿಟ್ಟು ರಿಸ್ಕ್-ಫೈವ್ ಕಲಿಯಬೇಕೆಂದಿದ್ದೇನೆ. ಇದೆಲ್ಲ ಅಲ್ಲಿಯೂ ನಡೆಯುತ್ತದೆಯೇ?

ರಿಸ್ಕ್-ಫೈವ್ ಎಂದರೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪ್ರೊಸೆಸರ್ ವಿನ್ಯಾಸ. ಜಿಡಿಬಿ, ಓಪನ್‌ಒಸಿಡಿ, ಎಡಿಟರ್ ಎಲ್ಲವೂ ಹಾಗೆಯೇ ಇರುತ್ತವೆ. ಬದಲಾಗುವುದು ಕೊನೆಯ ತೂಬು: ಎಸ್‌ಡಬ್ಲ್ಯುಡಿ ಆರ್ಮ್‌ನದು, ರಿಸ್ಕ್-ಫೈವ್‌ನಲ್ಲಿ ಸಾಮಾನ್ಯವಾಗಿ ಜೆಟ್ಯಾಗ್‌ನ ನಾಲ್ಕು ತಂತಿಗಳು. ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗಾ ಎಂಬ ನಮ್ಮ ದೇಶದ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಕುಟುಂಬದವೇ. ಕೈಗೆ ಸುಲಭವಾಗಿ ಸಿಗುವುದು ಬೇಕೆಂದರೆ ಇಎಸ್‌ಪಿ32-ಸಿ3 ತೆಗೆದುಕೊಳ್ಳಿ. ಅದರ ಚಿಪ್‌ನೊಳಗೇ ಯುಎಸ್‌ಬಿ ಜೆಟ್ಯಾಗ್ ಇದೆ. ಆ ಯುಎಸ್‌ಬಿ ಪಿನ್‌ಗಳನ್ನು ಹೊರಗೆ ತಂದಿರುವ ಬೋರ್ಡನ್ನು ಆರಿಸಿಕೊಂಡರೆ ಬೇರೆ ಪ್ರೋಬ್ ಬೇಕಾಗುವುದಿಲ್ಲ, ಒಂದು ದತ್ತಾಂಶದ ಕೇಬಲ್ ಸಾಕು.